ಆರು ಭಾನುವಾರ ಕಲಿಸಿದ ದನಿ

ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅರ್ಧದಲ್ಲಿ ಹೇಳಿದರೆ ಅಷ್ಟು ಹೊತ್ತಿಗೆ ನಿಮ್ಮನ್ನು ನಾಲ್ಕು ಸಲ ನಗಿಸಿರುತ್ತೇನೆ, ನಗಿಸಿದವನ ಮೇಲೆ ಯಾರಿಗೂ ಪೂರ್ತಿ ಸಿಟ್ಟು ಬರುವುದಿಲ್ಲ. ಶಾಲೆಯಲ್ಲಿ ಈ ಉಪಾಯದಿಂದ ಎಷ್ಟೋ ಏಟು ತಪ್ಪಿಸಿಕೊಂಡಿದ್ದೇನೆ. ಈ ಸಲ ಅದು ಬೇಡ. ಹತ್ತಿಯ ಧೂಳಿಗೆ ಎದೆ ಕೆಟ್ಟುಹೋಗುತ್ತಿದ್ದ ಒಬ್ಬ ಹುಡುಗಿಯನ್ನು ನೂಲಿನ ಗಿರಣಿಯಿಂದ ಹೊರಗೆ ತರುವ ಕೆಲಸವನ್ನು ನನಗೆ ಒಪ್ಪಿಸಿದ್ದರು. ನಾನು ಅವಳಿಗೆ ಇನ್ನೊಬ್ಬರ ದನಿ ಕಲಿಸಿ ಸಂದರ್ಶನಕ್ಕೆ ಕಳಿಸಿದೆ. ಅವಳು ಹೋಗಿ, ಆ ಇನ್ನೊಬ್ಬರ ಮುಂದೆಯೇ ಕುಳಿತು, ಅದೇ ದನಿಯಲ್ಲಿ ಮಾತಾಡಿ ಬಂದಳು.

ನಾನು ಮಿಮಿಕ್ರಿಯವನು. ಹೊಟ್ಟೆಪಾಡಿಗೆ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯ ಕಚೇರಿಯಲ್ಲಿದ್ದೇನೆ. ಬಟ್ಟೆ ಎಲ್ಲಿಗೆ ಬಂತು, ಬಣ್ಣ ಯಾವಾಗ ಆಗುತ್ತದೆ, ಲಾರಿ ಹೊರಟಿತಾ ಎಂದು ದಿನವಿಡೀ ಫೋನಿನಲ್ಲಿ ಜನರ ಪ್ರಾಣ ತಿನ್ನುವುದು ನನ್ನ ಉದ್ಯೋಗ. ಅಪ್ಪ ಮಗ್ಗದವರು. ಕೈಮಗ್ಗ ಹೋಗಿ ಪವರ್‌ಲೂಮ್ ಬಂತು, ಪವರ್‌ಲೂಮ್ ಹೋಗಿ ನಾನು ಬಂದೆ; ಯಾವುದರಲ್ಲೂ ಅಪ್ಪನಿಗೆ ಲಾಭವಾಗಲಿಲ್ಲ. ನಮ್ಮ ಮನೆಯಲ್ಲಿ ಮಾತು ಕನ್ನಡ, ಬೈಗುಳ ತಮಿಳು. ಕನ್ನಡದ ಅಕ್ಷರವನ್ನು ನಾನು ಕಲಿತದ್ದು ಇಪ್ಪತ್ತು ದಾಟಿದ ಮೇಲೆ, ಮೈಸೂರು ಕಡೆಯಿಂದ ಕೆಲಸಕ್ಕೆ ಬಂದ ಒಬ್ಬ ಗೆಳೆಯನಿಂದ. ಆದರೆ ಕಿವಿ ಮಾತ್ರ ಹುಟ್ಟಿನಿಂದಲೇ ಚುರುಕು. ಅನ್ನೂರು ಟೌನ್ ಬಸ್ಸಿನ ಕಂಡಕ್ಟರ್, ನಮ್ಮ ಕಂಪನಿಯ ಒಡೆಯ ಮುದಲಾಳಿ, ಮಾವನ ಗೊರಕೆ, ಪಕ್ಕದ ಮನೆಯ ಮಿಕ್ಸಿ, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿವೆ.

ನನ್ನನ್ನೂ ಒಬ್ಬರು ಕೈಹಿಡಿದು ನಡೆಸಿದ್ದರು. ಅದನ್ನು ಹೇಳದಿದ್ದರೆ ನಾನು ಕೆಡಿಸಿದ್ದು ಏನು ಎಂಬುದು ನಿಮಗೆ ಗೊತ್ತಾಗುವುದಿಲ್ಲ. ಪ್ಲಸ್ ಟೂನಲ್ಲಿ ಗಣಿತ ಹೋಗಿ, ಬಟ್ಟೆ ಕತ್ತರಿಸುವ ಮೇಜಿನ ಬಳಿ ಹೆಲ್ಪರ್ ಆಗಿ ಚಿಂದಿ ಆಯುತ್ತಿದ್ದೆ. ಕೊಯಮತ್ತೂರಿನ ಒಂದು ಸಂಸ್ಥೆ ನನ್ನಂಥ ಹುಡುಗರಿಗೆ ಒಬ್ಬೊಬ್ಬ ಹಿರಿಯರನ್ನು ಜೊತೆಮಾಡುತ್ತಿತ್ತು. ತಮಿಳಿನಲ್ಲಿ ಅವರಿಗೆ ‘ವಳಿಕಾಟ್ಟಿ’ ಎನ್ನುತ್ತಿದ್ದರು, ಅಂದರೆ ದಾರಿ ತೋರಿಸುವವರು. ನನಗೆ ಸಿಕ್ಕಿದ್ದು ಪೋತ್ತನೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ಒಬ್ಬ ಅಯ್ಯ. ಅವರು ಉಪದೇಶ ಮಾಡಿದ್ದು ನನಗೆ ನೆನಪಿಲ್ಲ. ಭಾನುವಾರ ಬರುತ್ತಿದ್ದರು, ಗಣಿತದ ಪುಸ್ತಕ ತೆರೆಯುತ್ತಿದ್ದರು, ತಪ್ಪಾದ ಕಡೆ ಸ್ಪ್ಯಾನರ್ ಹಿಡಿದವರ ಹಾಗೆ ಎರಡು ಬೆರಳಿನಿಂದ ತಟ್ಟುತ್ತಿದ್ದರು. ಒಂದು ದಿನ ಅವರ ಮುಂದೆಯೇ ಅವರನ್ನು ಅನುಕರಿಸಿ ತೋರಿಸಿದೆ. ಪೂರ್ತಿ ನೋಡಿ, “ಸ್ಪ್ಯಾನರ್ ಹಿಡಿಯೋ ಕೈ ಅದಲ್ಲಪ್ಪ. ಹೆಬ್ಬೆರಳು ಒಳಗೆ ಬರಬೇಕು” ಎಂದರು.

ಕಚೇರಿ ಕೆಲಸದ ಸಂದರ್ಶನಕ್ಕೆ ನಾನು ಹೋದ ದಿನ ಅವರೂ ಬಂದರು. ಒಳಗೆ ಬಿಡಲಿಲ್ಲ. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ ವಾಚ್‌ಮನ್ನಿನ ಬೆಂಚಿನ ಮೇಲೆ ಟಿಫಿನ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ನಾನು ಹೊರಗೆ ಬಂದಾಗ ಕೆಲಸ ಸಿಕ್ಕಿತಾ ಎಂದು ಕೇಳಲಿಲ್ಲ. “ಮೊದಲು ತಿನ್ನು” ಎಂದರು. ಆ ಕೆಲಸ ಸಿಕ್ಕಿತು. ತಂಗಿ ಗಿರಣಿಗೆ ಹೋಗುವುದು ತಪ್ಪಿ ನರ್ಸಿಂಗ್ ಓದಿದಳು. ಅಪ್ಪ ಕಣ್ಣಿನ ಆಪರೇಷನ್ನನ್ನು ಮುಂದೂಡುವುದು ನಿಲ್ಲಿಸಿದರು. ನೆಂಟರು ನಮ್ಮನ್ನು ಮದುವೆಗೆ ಕರೆಯುವಾಗ ಪತ್ರಿಕೆಯನ್ನು ಕೈಗೆ ಕೊಟ್ಟು ಕರೆಯತೊಡಗಿದರು; ಅದಕ್ಕೆ ಮೊದಲು ಕಿಟಕಿಯಲ್ಲಿ ಸಿಕ್ಕಿಸಿ ಹೋಗುತ್ತಿದ್ದರು. ಒಬ್ಬ ಮುದುಕರು ತಮ್ಮ ಭಾನುವಾರಗಳನ್ನು ಕೊಟ್ಟಿದ್ದಕ್ಕೆ ಒಂದು ಮನೆ ಎದ್ದು ನಿಂತಿತು. ಇದು ತಮಾಷೆಯಲ್ಲ.

ಕೆಲವು ವರ್ಷಗಳ ನಂತರ ಅದೇ ಸಂಸ್ಥೆಯವರು ನನ್ನನ್ನು ಕರೆದು, ಈಗ ನೀನು ಒಬ್ಬರಿಗೆ ದಾರಿ ತೋರಿಸು ಎಂದರು. ಒಂದು ದಿನದ ತರಬೇತಿ ಇತ್ತು. ಅಲ್ಲಿ ಮಾತಾಡಿದವರು ಹಲಗೆಯ ಮೇಲೆ ಬಾಣ ಬರೆದು ಬರೆದು ತೋರಿಸಿದರು: ಒಬ್ಬ ಹುಡುಗಿಗೆ ನೆಟ್ಟಗಿನ ಕೆಲಸ ಸಿಕ್ಕರೆ ಅವಳ ತಮ್ಮ ಶಾಲೆ ಬಿಡುವುದಿಲ್ಲ, ಅವಳ ಮದುವೆಗೆ ಆತುರವಿಲ್ಲ, ಮನೆಯಲ್ಲಿ ಔಷಧಿ ತಪ್ಪುವುದಿಲ್ಲ, ಬೀದಿಯಲ್ಲಿ ಇನ್ನೊಬ್ಬ ಹುಡುಗಿ ಅವಳನ್ನು ನೋಡಿ ಓದುತ್ತಾಳೆ. ಚಹಾ ಬಿಡುವಿನಲ್ಲಿ ನಾನು ಆ ಬಾಣಗಳ ಸಮೇತ ಅವರ ದನಿ ಮಾಡಿ ಎಲ್ಲರನ್ನೂ ನಗಿಸಿದೆ. ಆದರೆ ಅವರು ಹೇಳಿದ್ದರಲ್ಲಿ ಒಂದು ಬಾಣವೂ ಸುಳ್ಳಾಗಿರಲಿಲ್ಲ. ನಮ್ಮ ಮನೆಯಲ್ಲೇ ಅವು ನೆಟ್ಟಿದ್ದವು.

ನನಗೆ ಒಪ್ಪಿಸಿದ ಹುಡುಗಿಯ ಊರು ಅನ್ನೂರಿನಿಂದ ಮೂರನೆಯ ಸ್ಟಾಪ್. ಹತ್ತೊಂಬತ್ತು ವರ್ಷ. ನಮ್ಮ ಹಾಗೆಯೇ ಮನೆಯಲ್ಲಿ ಕನ್ನಡ ಆಡುವವರು, ಒಂದಿಷ್ಟು ಹೊಲವಿದ್ದವರು. ಅಪ್ಪ ತೀರಿಕೊಂಡಿದ್ದರು. ಹೊಲವನ್ನು ದೊಡ್ಡಪ್ಪ ನೋಡಿಕೊಳ್ಳುತ್ತಿದ್ದರು. ಅಂದರೆ ದೊಡ್ಡಪ್ಪನೇ ತಿನ್ನುತ್ತಿದ್ದರು. ಪ್ಲಸ್ ಟೂ ಒಳ್ಳೆಯ ಅಂಕದಲ್ಲಿ ಪಾಸಾದವಳು ಗಿರಣಿಗೆ ಸೇರಿ ನೂಲನ್ನು ಕೋನಿಗೆ ಸುತ್ತುವ ಯಂತ್ರದ ಮುಂದೆ ನಿಂತಿದ್ದಳು. ಒಂದು ವರ್ಷದೊಳಗೆ ಎದೆ ಕುಯ್‌ಗುಡತೊಡಗಿತು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಔಷಧಿ ಬರೆದು, ಧೂಳಿನಲ್ಲೇ ಇದ್ದರೆ ಇದು ಉಪಯೋಗಕ್ಕೆ ಬರುವುದಿಲ್ಲ, ಕೆಲಸ ಬದಲಾಯಿಸು ಎಂದು ಹೇಳಿ ಕಳಿಸಿದ್ದರು.

ಮೊದಲ ಭಾನುವಾರ ಅವಳ ಅಮ್ಮ ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತ ನನ್ನನ್ನು ಅಳೆದರು.

“ಸಾಮಿ, ಇವ್ಳಿಗೆ ಧೂಳಿಲ್ದ ವೇಲೆ ಒಂದು ಬೇಕು. ಸಂಬಳ ಕಮ್ಮಿ ಆದ್ರೂ ಆಗ್ಲಿ. ರಾತ್ರಿಯೆಲ್ಲ ಇವ್ಳು ಮೂಚ್ಚು ಎಳಿಯೋದು ಕೇಳ್ಕಂಡು ಮಲ್ಗಕಾಗಲ್ಲ.” ನಮ್ಮ ಮನೆಗಳ ಕನ್ನಡದಲ್ಲಿ ಕೆಲಸಕ್ಕೆ ವೇಲೆ, ಉಸಿರಿಗೆ ಮೂಚ್ಚು; ತಮಿಳು ಹಾಗೆ ಬೆರೆತಿದೆ.

“ಸಾಮಿಯಂತೆ ಸಾಮಿ!” ಎಂದಳು ಮಗಳು. “ಕಿವಿ ನೋಡಮ್ಮ, ಊದಿದಂಗವೆ. ಬಸ್‌ಸ್ಟ್ಯಾಂಡ್ನಲ್ಲಿ ಬಲೂನ್ ಮಾರೋರಂಗವ್ರೆ.”

“ನಿನಗೆ ಯಾವ ಬಣ್ಣದ್ದು ಬೇಕಮ್ಮಾ?” ಎಂದೆ, ಬಲೂನು ಉಜ್ಜಿದ ಸದ್ದು ಮಾಡುತ್ತ. ಅವಳು ನಕ್ಕಳು; ನಗು ಕೆಮ್ಮಿಗೆ ತಿರುಗಿತು; ಕೆಮ್ಮು ನಿಲ್ಲುವವರೆಗೆ ನಾನೂ ಅವಳ ಅಮ್ಮನೂ ಬೇರೆಲ್ಲೋ ನೋಡಿದೆವು.

ಮನೆಯಲ್ಲಿ ಇಷ್ಟು ಬಾಯಿ ಇದ್ದ ಹುಡುಗಿಗೆ ಆಗಲೇ ಎರಡು ಸಂದರ್ಶನ ಕೈತಪ್ಪಿದ್ದವು. ಹೊಸ ಜನರ ಮುಂದೆ ಕೂರಿಸಿದರೆ ತಲೆ ಬಗ್ಗುತ್ತಿತ್ತು, ದನಿ ಬಾವಿಗೆ ಬೀಳುತ್ತಿತ್ತು. ಲೆಕ್ಕದಲ್ಲಿ ಚುರುಕು, ಕಂಪ್ಯೂಟರಿನ ಶೀಟನ್ನು ಎರಡೇ ಭಾನುವಾರದಲ್ಲಿ ಹಿಡಿದುಬಿಟ್ಟಳು. ಫೋನಿನಲ್ಲಿ ಪಾರ್ಟಿಗಳ ಜೊತೆ ಮಾತಾಡಬೇಕಾದ ಕಚೇರಿ ಕೆಲಸಕ್ಕೆ ಅದೊಂದೇ ಸಾಲದು. ನಮ್ಮ ಅಯ್ಯನಾಗಿದ್ದರೆ ಏನು ಮಾಡುತ್ತಿದ್ದರು ಎಂದು ಈಗ ಯೋಚಿಸುತ್ತೇನೆ. ನಾಲ್ಕು ಅಂಗಡಿಗೆ ಕರೆದುಕೊಂಡು ಹೋಗಿ ಅವಳಿಂದಲೇ ಬೆಲೆ ಕೇಳಿಸುತ್ತಿದ್ದರೋ ಏನೋ. ನಿಧಾನವಾಗಿ ಅವಳ ತಲೆ ಮೇಲೆ ಬರುತ್ತಿತ್ತು. ನನಗೆ ನಿಧಾನ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದುದು ಒಂದೇ ವಿದ್ಯೆ.

ನಾನು ಹೆಲ್ಪರ್ ಆಗಿದ್ದ ಕಂಪನಿಯಲ್ಲಿ ಸಿಬ್ಬಂದಿಯನ್ನು ನೋಡಿಕೊಳ್ಳುವ ಒಬ್ಬ ಮೇಡಂ ಇದ್ದರು. ಅವರ ಮಾತು ಇಸ್ತ್ರಿ ಮಾಡಿ ಮಡಿಸಿಟ್ಟ ಹಾಗೆ. ಉತ್ತರ ಹೇಳುವ ಮೊದಲು ಅರೆಕ್ಷಣ ಕಣ್ಣು ಮುಚ್ಚುವರು. ಆಮೇಲೆ “ಆಕ್ಚುಯಲಿ” ಎಂದು ಎಳೆದು, ಒಂದು ಇಂಗ್ಲಿಷ್ ಪದ, ಒಂದು ತಮಿಳು ಪದವನ್ನು ಹೂವು ಕಟ್ಟಿದ ಹಾಗೆ ಸೇರಿಸುತ್ತ ಹೋಗಿ, ಕೊನೆಗೆ “ಶೂರ್, ಶೂರ್” ಎಂದು ಎರಡು ಸಲ ತಲೆಯನ್ನು ಎಡಕ್ಕೆ ವಾಲಿಸುವರು. ಊಟದ ಹೊತ್ತಿನಲ್ಲಿ ಅವರನ್ನು ಮಾಡಿ ತೋರಿಸಿಯೇ ನಾನು ಆ ಕಂಪನಿಯಲ್ಲಿ ಹೆಸರು ಮಾಡಿದ್ದು. ಕಚೇರಿಯ ಮಾತು ಎಂದರೆ ನನ್ನ ಕಿವಿಗೆ ಇವತ್ತಿಗೂ ಅವರೇ.

ಮೂರನೆಯ ಭಾನುವಾರ ಅದನ್ನು ಕಲಿಸಲು ಶುರುಮಾಡಿದೆ. ಆ ಹುಡುಗಿ ಅದನ್ನು ಹಿಡಿದ ರೀತಿಗೆ ನಾನೇ ಬೆರಗಾದೆ. ಐದನೆಯ ವಾರಕ್ಕೆ ಕಣ್ಣು ಮುಚ್ಚುವುದು ಬಂತು, ಏಳನೆಯ ವಾರಕ್ಕೆ ತಲೆ ವಾಲುವುದು. ಆ ದನಿ ಹಾಕಿಕೊಂಡರೆ ಅವಳ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಅಮ್ಮ ಸುಲಿಯುವುದನ್ನು ಬಿಟ್ಟು ಬಾಯಿಗೆ ಸೆರಗು ಇಟ್ಟುಕೊಂಡು, “ಅಯ್ಯೋ ನನ್ ಮಗ್ಳೇನೇ ಇವ್ಳು? ಕಲೆಕ್ಟ್ರಮ್ಮ ಬಂದಂಗದೆ” ಎನ್ನುವರು.

ಒಂದು ಸಲ ಅವಳು ಕೇಳಿದಳು: “ಅಣ್ಣಾ, ಇದು ಯಾರ್ ಮಾತು?”

“ಯಾರದ್ದೂ ಅಲ್ಲ. ಆಫೀಸ್ನಲ್ಲಿ ಮಾತೇ ಹಿಂಗೆ” ಎಂದೆ.

ಸುಳ್ಳು ಹೇಳಿದ್ದಕ್ಕೆ ಕಾರಣವಿತ್ತು. ಮಿಮಿಕ್ರಿ ಎಂದು ಗೊತ್ತಾದರೆ ಅವಳಿಗೆ ಮಾಡುವಾಗ ನಗು ಬರುತ್ತದೆ. ನಗು ಬಂದರೆ ಕೆಮ್ಮು. ಇಷ್ಟೇ ಕಾರಣ ಎಂದು ಬಹಳ ದಿನ ನಂಬಿದ್ದೆ. ನನ್ನ ಕೈಯಿಂದ ಒಂದು ಸಾಮಾನು ಇಷ್ಟು ಚೆನ್ನಾಗಿ ತಯಾರಾಗಿದ್ದು ಅದೇ ಮೊದಲು. ಅದನ್ನು ಬಿಡಿಸಿ ತೋರಿಸಲು ಮನಸ್ಸಾಗಲಿಲ್ಲ ಎಂಬುದೂ ಅಷ್ಟೇ ನಿಜ.

ಎಂಟನೆಯ ವಾರಕ್ಕೆ ಕೊಯಮತ್ತೂರಿನ ಒಂದು ಉಡುಪಿನ ಕಂಪನಿಯಿಂದ ಕರೆ ಬಂತು. ಮಾಲು ಕಳಿಸುವ ವಿಭಾಗ, ಗಾಜಿನ ಬಾಗಿಲ ಒಳಗೆ ಕೂತು ಮಾಡುವ ಕೆಲಸ. ಸಂದರ್ಶನ ಬುಧವಾರ. ಗಿರಣಿಯಲ್ಲಿ ರಜೆ ಕೊಡಲಿಲ್ಲ. ಹೋಗುವುದಾದರೆ ಬಿಟ್ಟು ಹೋಗು ಎಂದರು.

“ಏನ್ ಮಾಡ್ಲಿ ಅಣ್ಣಾ?”

“ಬಿಟ್ಬಿಡು. ನಿನ್ ಮಾತು ಕೇಳಿದ್ರೆ ಅವರೇ ಎದ್ದು ನಿಲ್ತಾರೆ.”

ಬಿಟ್ಟಳು. ನಾನು ಅವಳ ಜೊತೆ ಹೋಗುವುದೆಂದು ಮಾತಾಗಿತ್ತು. ಆದರೆ ಆ ಬುಧವಾರ ಆರ್.ಎಸ್. ಪುರಂನ ಒಂದು ಕಲ್ಯಾಣಮಂಟಪದಲ್ಲಿ ಯಾರದೋ ಅರವತ್ತರ ಶಾಂತಿ; ಊಟದ ಹೊತ್ತಿಗೆ ಅರ್ಧ ಗಂಟೆ ಮಿಮಿಕ್ರಿ ಮಾಡಲು ಕರೆದರು. ಮೈಕು, ವೇದಿಕೆ, ಮುನ್ನೂರು ಎಲೆಯ ಪಂಕ್ತಿ. ಬೆಳಿಗ್ಗೆ ಅವಳಿಗೆ ಫೋನ್ ಮಾಡಿ, “ನೀನೇ ಹೋಗ್ಬಾ, ನಾನ್ಯಾತಕ್ಕೆ?” ಎಂದೆ. ಮಧ್ಯಾಹ್ನ ವೇದಿಕೆಯ ಮೇಲೆ ಅದೇ ಮೇಡಂ ದನಿಯನ್ನೂ ಮಾಡಿದೆ. ಪಾಯಸ ಬಡಿಸುವವರೂ ನಿಂತು ನಕ್ಕರು.

ಆ ಮೇಡಂ ಹಳೆಯ ಕಂಪನಿ ಬಿಟ್ಟು, ಹುಡುಗಿ ಸಂದರ್ಶನಕ್ಕೆ ಹೋದ ಕಂಪನಿಗೆ ಬಂದು ವರ್ಷವಾಗಿತ್ತಂತೆ. ನನಗೆ ಗೊತ್ತಿರಲಿಲ್ಲ. ಜೊತೆಗೆ ಹೋಗಿ ಗೇಟಿನಲ್ಲಿ ನಿಂತಿದ್ದರೆ ಒಳಗಿರುವವರು ಯಾರೆಂದು ಗೊತ್ತಾಗುತ್ತಿತ್ತು; ಬೇಡ, ನಿನ್ನ ಮಾತಲ್ಲೇ ಮಾತಾಡು ಎಂದು ಒಂದು ಸಾಲು ಹೇಳಬಹುದಿತ್ತು.

ಒಳಗೆ ನಡೆದದ್ದನ್ನು ಅವಳು ಬಸ್‌ಸ್ಟ್ಯಾಂಡಿನಿಂದಲೇ ಫೋನಿನಲ್ಲಿ ಹೇಳಿದಳು. ಮೊದಲ ಪ್ರಶ್ನೆಗೆ ಕಣ್ಣು ಮುಚ್ಚಿ, “ಆಕ್ಚುಯಲಿ” ಎಂದಳಂತೆ. ಎದುರಿಗಿದ್ದ ಮೇಡಂ ಪೆನ್ನು ಕೆಳಗಿಟ್ಟರು. ಪಕ್ಕದಲ್ಲಿದ್ದ ಇಬ್ಬರು ಒಬ್ಬರನ್ನೊಬ್ಬರು ನೋಡಿ ತುಟಿ ಕಚ್ಚಿಕೊಂಡರು. ತಾನು ಸರಿಯಾಗಿ ಮಾಡುತ್ತಿಲ್ಲವೇನೋ ಎಂದುಕೊಂಡು ಈ ಹುಡುಗಿ ಇನ್ನೂ ಗಟ್ಟಿಯಾಗಿ, ಇನ್ನೂ ಎಳೆದು, ತಲೆಯನ್ನು ಇನ್ನೂ ವಾಲಿಸಿ ಮಾಡಿದಳು. ಒಬ್ಬರು ನಗು ತಡೆಯಲಾಗದೆ ಎದ್ದು ಹೊರಗೆ ಹೋದರು.

“ಯಾರು ಕಳಿಸಿದ್ದು ನಿನ್ನ, ನನ್ನ ಗೇಲಿ ಮಾಡೋಕೆ?” ಎಂದು ತಮಿಳಿನಲ್ಲಿ ಕೇಳಿದರಂತೆ ಮೇಡಂ.

ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಏನು ಹೇಳುವುದೆಂದು ತೋಚದೆ, ಕಲಿಸಿದ್ದರಲ್ಲಿ ಉಳಿದಿದ್ದನ್ನು ಹೇಳಿದಳು: “ಶೂರ್, ಶೂರ್.”

ಇದನ್ನು ಹೇಳುವಾಗ ಅವಳು ಅಳುತ್ತಿರಲಿಲ್ಲ. “ಅಣ್ಣಾ, ನಾನೇನ್ ತಪ್ಪು ಮಾಡ್ದೆ?” ಎಂದು ಮಾತ್ರ ಕೇಳಿದಳು. ಆಗ ನಿಜ ಹೇಳಿದೆ. ಅವಳು ಫೋನ್ ಇಟ್ಟುಬಿಟ್ಟಳು.

ಗಿರಣಿಯವರು ಅವಳನ್ನು ಮತ್ತೆ ಸೇರಿಸಿಕೊಂಡರು, ಆದರೆ ಹಳೆಯ ಜಾಗಕ್ಕಲ್ಲ. ಕೋನ್ ಸುತ್ತುವ ಕಡೆ ಬೇರೆಯವರು ಬಂದಾಗಿತ್ತು. ಹತ್ತಿಯ ಮೂಟೆ ಬಿಚ್ಚಿ ಯಂತ್ರಕ್ಕೆ ಹಾಕುವ ಕೋಣೆಗೆ ಹಾಕಿದರು. ಇಡೀ ಗಿರಣಿಯಲ್ಲಿ ಧೂಳು ಶುರುವಾಗುವುದೇ ಅಲ್ಲಿ. ಅಲ್ಲಿ ಕೆಲಸ ಮಾಡಿದವರು ಹೊರಗೆ ಬಂದಾಗ ಹುಬ್ಬು ಬೆಳ್ಳಗಿರುತ್ತದೆ.

ಪೋತ್ತನೂರಿಗೆ ಹೋಗಿ ಅಯ್ಯನಿಗೆ ಎಲ್ಲ ಹೇಳಿದೆ. ನಗಿಸುವ ಹಾಗೆ ಹೇಳಲು ಹೊರಟಿದ್ದೆ, ಅಭ್ಯಾಸ. ಅವರು ನಡುವೆಯೇ ತಡೆದರು.

“ಆ ಹುಡುಗಿ ಒಳಗಿದ್ದಾಗ ನೀನು ಎಲ್ಲಿ ಕೂತಿದ್ದೆ?”

ಹೋಗಿ ಆ ಮೇಡಂಗೆ ನಿಜ ಹೇಳಿ ಬಾ ಎಂದಷ್ಟೇ ಹೇಳಿ ಒಳಗೆ ಹೋದರು.

ಹೋದೆ. ಎರಡು ದಿನ ಗೇಟಿನಲ್ಲಿ ನಿಂತ ಮೇಲೆ ಒಳಗೆ ಬಿಟ್ಟರು. ಮೇಡಂಗೆ ನನ್ನ ಗುರುತು ಸಿಗಲಿಲ್ಲ; ಚಿಂದಿ ಆಯುತ್ತಿದ್ದವನ ಮುಖ ಯಾರಿಗೆ ನೆನಪಿರುತ್ತದೆ. ಆ ಹುಡುಗಿ ಅಮಾಯಕಿ, ನಿಮ್ಮನ್ನು ಅವಳು ಯಾವತ್ತೂ ನೋಡಿರಲಿಲ್ಲ, ಕಲಿಸಿದವನು ನಾನು ಎಂದು ತಮಿಳಿನಲ್ಲಿ ಹೇಳಿದೆ. ಅವರು ನಂಬಲಿಲ್ಲ. ನೋಡದ ಮನುಷ್ಯರ ಹಾಗೆ ಯಾರಾದರೂ ಅಷ್ಟು ಕರಾರುವಾಕ್ಕಾಗಿ ಮಾತಾಡಲು ಆಗುತ್ತದೆಯೇ ಎಂದರು. “ನೀನೇ ಕಲಿಸಿದ್ದಾದರೆ ಮಾಡಿ ತೋರಿಸು.”

ಜೀವನದಲ್ಲಿ ಮೊದಲ ಸಲ ನನಗೆ ದನಿ ಮಾಡಲು ಮನಸ್ಸಿರಲಿಲ್ಲ. ಆದರೂ ಕಣ್ಣು ಮುಚ್ಚಿದೆ, ಅವರದೇ ದನಿಯಲ್ಲಿ ಶುರುಮಾಡಿದೆ: “ಆಕ್ಚುಯಲಿ, ಆ ಹುಡುಗಿಯ ಮಿಸ್ಟೇಕ್ ಏನೂ ಇಲ್ಲ...” ಪೂರ್ತಿ ತಪ್ಪೊಪ್ಪಿಗೆಯನ್ನು ಹಾಗೆಯೇ ಹೇಳಿ ಮುಗಿಸಿದೆ, ತಲೆ ವಾಲಿಸುವುದರ ಸಮೇತ. ಕಣ್ಣು ತೆರೆದಾಗ ಅವರು ಗೋಡೆ ನೋಡುತ್ತಿದ್ದರು.

ಆಮೇಲೆ ಅವರು ಆಡಿದ ಮಾತು ಕನ್ನಡದಲ್ಲಿತ್ತು. ನಮ್ಮ ಮನೆಯ ಕನ್ನಡ, ಮಗ್ಗದವರ ಮನೆಯ ಕನ್ನಡ. ನನ್ನ ತಮಿಳಿನ ನಡುವೆ ನುಸುಳಿದ ಒಂದೆರಡು ಕನ್ನಡ ಪದಗಳಿಂದ ಗುರುತು ಹಿಡಿದಿದ್ದರೇನೋ. ಎರಡು ವರ್ಷ ಅವರ ಪ್ರತಿ ಉಸಿರನ್ನೂ ಕದ್ದ ನನಗೆ ಅವರ ಮನೆಮಾತು ಯಾವುದೆಂದು ಗೊತ್ತಿರಲಿಲ್ಲ.

“ನಮ್ಮಪ್ಪ ಮಗ್ಗದ ಗುಂಡೀಲಿ ಕೂತು ನನ್ನ ಓದ್ಸುದ್ರು. ಮೊದ್ಲು ವೇಲೆ ಕೇಳಾಕೆ ಹೋದಾಗ ನಾನು ಬಾಯಿ ತೆಗ್ದಿದ್ಕೆ ಮೂರು ಜನ ನಕ್ಕುದ್ರು. ಆಮೇಲೆ ಕನ್ನಡಿ ಮುಂದೆ ನಿಂತು ಈ ಮಾತು ಕಲ್ತೆ. ಮೂರು ವರ್ಷ ಆಯ್ತು ಕಲಿಯಾಕೆ. ಆ ಹುಡ್ಗಿ ಬಂದು ಕೂತು ಮಾತಾಡುದ್ಲಲ್ಲ, ಮತ್ತೆ ಅದೇ ನಗು ಕೇಳುಸ್ತು ನನ್ಗೆ. ನನ್ ಆಫೀಸಲ್ಲೇ.”

ತಪ್ಪಾಯಿತು ಎಂದೆ.

“ಆ ಜಾಗಕ್ಕೆ ಬೇರೆಯೋರು ಸೇರಾಯ್ತು. ಅವ್ಳ ಅರ್ಜಿ ಮೇಲೆ ನಡತೆ ಸರಿಯಿಲ್ಲ ಅಂತ ಬರ್ದಿದೀನಿ. ನಾಳೆ ಅಳಿಸ್ತೀನಿ. ಅಳ್ಸುದ್ರೆ ಅವ್ಳಿಗೇನೂ ಸಿಗಲ್ಲ. ಆದ್ರೂ ಅಳಿಸ್ತೀನಿ.” ಆಮೇಲೆ ತಮಿಳಿಗೆ ಮರಳಿ, “ಬಾಗಿಲು ಹಾಕಿಕೊಂಡು ಹೋಗಿ” ಎಂದರು.

ಮುಂದಿನ ಭಾನುವಾರ ಅನ್ನೂರಿನ ಬಸ್ಸು ಹತ್ತಿದೆ. ಜೇಬಿನಲ್ಲಿ ಸಂಸ್ಥೆಯ ಕಾಗದವಿತ್ತು. ಮೊದಲ ಮೂರು ತಿಂಗಳ ಅವಧಿ ಮುಗಿದಿತ್ತು; ಇನ್ನಾರು ತಿಂಗಳು ಇದೇ ವಳಿಕಾಟ್ಟಿ ಇರಲಿ ಎಂದು ಹುಡುಗಿ ಸಹಿ ಹಾಕಿದರೆ ನಾನು ಮುಂದುವರಿಯಬಹುದು. ಈ ಸಲ ಸರಿಯಾಗಿ ಮಾಡುತ್ತೇನೆ, ಅಂಗಡಿಗೆ ಕರೆದುಕೊಂಡು ಹೋಗುತ್ತೇನೆ, ಬೆಂಚಿನ ಮೇಲೆ ಕೂರುತ್ತೇನೆ ಎಂದು ದಾರಿಯುದ್ದಕ್ಕೂ ಅಂದುಕೊಂಡೆ.

ಅಮ್ಮ ಜಗಲಿಯಲ್ಲಿದ್ದರು. ಸಾಮಿ ಎನ್ನಲಿಲ್ಲ, ಬೈಯಲೂ ಇಲ್ಲ. ಸ್ವಲ್ಪ ಸರಿದು ಜಾಗ ಬಿಟ್ಟರು. ಹುಡುಗಿ ಒಳಗಿನಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ನಾಲ್ಕು ಹೆಜ್ಜೆ ನಡೆದದ್ದಕ್ಕೆ ಎದೆ ಏರಿಳಿಯುತ್ತಿತ್ತು. ಕಿವಿಯ ಹಿಂದೆ, ತೊಳೆದರೂ ಹೋಗದೆ, ಹತ್ತಿಯ ಎಳೆ ಅಂಟಿಕೊಂಡಿತ್ತು. ಬಲೂನಿನ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕಾಗದ ತೆಗೆದು ಚಾಚಿದೆ. “ಇನ್ನೊಂದ್ ಸಲ ಶುರು ಮಾಡಣ. ಬೇರೆ ಕಂಪ್ನಿಗಳವೆ. ನಿಂದೇನೂ ತಪ್ಪಿಲ್ಲ ಅಂತ ಆ ಮೇಡಂ ಹತ್ರ ಹೋಗಿ ಹೇಳ್ಬುಟ್ಟು ಬಂದಿದೀನಿ.”

“ಹೇಳ್ಬುಟ್ಯಾ?”

“ಹೂಂ. ಎಲ್ಲಾ ಹೇಳ್ದೆ.”

“ನಂಬುದ್ರಾ?”

“ನಂಬುದ್ರು.”

ಅವಳು ಕಾಗದವನ್ನು ಮುಟ್ಟಲಿಲ್ಲ. ಉಸಿರು ಒಂದು ಹದಕ್ಕೆ ಬರುವವರೆಗೆ ಕಾದು, ಮೊದಲ ಭಾನುವಾರದ ಅದೇ ಸ್ವಂತ ದನಿಯಲ್ಲಿ ಕೇಳಿದಳು:

“ಯಾರ್ ದನೀಲಿ ಹೇಳ್ದೆ ಅಣ್ಣಾ?”